ಊರಿಗೊಂದು ಆರ್ಗನ್, ನುಡಿಸುವ ಕೈ ಒಂದೇ: ಮಾರ್ಸೆಲ್ ದ್ಯುಪ್ರೆ ಅವರ ಕಛೇರಿ ಮತ್ತು ಪಾಠ

1 · ಶ್ರುತಿಪೆಟ್ಟಿಗೆ

ಪಿಟೀಲಿನವರು ತಮ್ಮ ವಾದ್ಯವನ್ನು ಹೆಗಲಿಗೇರಿಸಿಕೊಂಡು ಊರಿಂದೂರಿಗೆ ಹೋಗುತ್ತಾರೆ. ಕೊಳವೆಗಳಿಗೆ ಗಾಳಿ ಬಿಟ್ಟು ದನಿ ತೆಗೆಯುವ ಪೈಪ್ ಆರ್ಗನ್ ನುಡಿಸುವವರಿಗೆ ಅದು ಆಗದ ಮಾತು. ವಾದ್ಯ ಕಟ್ಟಡಕ್ಕೇ ಸೇರಿದ್ದು, ಕಲಾವಿದರೇ ಅದಿದ್ದಲ್ಲಿಗೆ ಹೋಗಬೇಕು. ಹೋದ ಕಡೆ ಮನೆಗಳ (ಕೀಲಿಗಳ) ಸಂಖ್ಯೆ ಬೇರೆ, ಸ್ಟಾಪ್‌ಗಳ (ದನಿಯ ಬಗೆ ಆರಿಸುವ ಎಳೆಗುಂಡಿಗಳ) ಜಾಗ ಬೇರೆ, ಕೀಲಿಯ ಭಾರ ಬೇರೆ. ಹೀಗಿದ್ದೂ ಫ್ರಾನ್ಸಿನ ಮಾರ್ಸೆಲ್ ದ್ಯುಪ್ರೆ (1886–1971) 2000ಕ್ಕೂ ಹೆಚ್ಚು ಕಛೇರಿ ಕೊಟ್ಟರು. ಅದರ ಜೊತೆಗೇ 1926ರಿಂದ 1954ರವರೆಗೆ ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಆರ್ಗನ್ ಪಾಠ ಹೇಳಿದರು.

ಇದು ಸಾಧ್ಯವಾದದ್ದು ಹೇಗೆ ಎಂದು ಗೊತ್ತಿದ್ದವರು ಬಿಡಿಸಿ ಬರೆಯಿರಿ. ಅವರ ತಯಾರಿ ಎಂಥದ್ದು? ಗೊತ್ತಿಲ್ಲದ ಆರ್ಗನ್ ಮುಂದೆ ಕೂತಾಗ ಮಾಡುವ ಕೆಲಸಗಳ ಕ್ರಮವೇನು? ಅವರು ಕಲಿಸಿದ್ದರಲ್ಲಿ ಇವತ್ತಿಗೂ ನಿಲ್ಲುವುದು ಯಾವುದು, ಬಿಡಬೇಕಾದದ್ದು ಯಾವುದು? ಹಾರ್ಮೋನಿಯಂ ಅಥವಾ ಪಿಯಾನೋ ಬಲ್ಲವರಿಗೆ ಅರ್ಥವಾಗುವಂತೆ ಬರೆದರೆ ಉಪಕಾರ.

2 · ಕೊಳವೆ16

ಮೊದಲು ಅವರ ವೃತ್ತಿಯ ಹಾದಿ. ಉಳಿದದ್ದೆಲ್ಲ ಅಲ್ಲಿಂದಲೇ ಬರುತ್ತದೆ.

ಹುಟ್ಟಿದ್ದು ರೂಆಂ ನಗರದಲ್ಲಿ, 1886ರ ಮೇ 3ರಂದು. ತಂದೆ ಆಲ್ಬರ್ ದ್ಯುಪ್ರೆ ಆರ್ಗನಿಸ್ಟ್. ಆ ಕಾಲದ ಅತಿ ದೊಡ್ಡ ಆರ್ಗನ್ ತಯಾರಕ ಅರಿಸ್ತಿದ್ ಕವಾಯೆ-ಕೊಲ್ ಈ ಮನೆಗೆ ಬೇಕಾದವರು, ಮನೆಗೇ ಒಂದು ಆರ್ಗನ್ ಕಟ್ಟಿಕೊಟ್ಟರು. ಇದು ಸಣ್ಣ ವಿಷಯವಲ್ಲ. ಆರ್ಗನ್ ಕಲಿಯುವವರ ದೊಡ್ಡ ಕಷ್ಟವೇ ಸಾಧಕಕ್ಕೆ ವಾದ್ಯ ಸಿಗದಿರುವುದು: ಚರ್ಚಿನಲ್ಲಿ ಪ್ರಾರ್ಥನೆ, ಮದುವೆ, ಚಳಿ, ಬೀಗದ ಕೈ. ಈ ಹುಡುಗನಿಗೆ ಆ ತೊಡಕಿರಲಿಲ್ಲ. ಹನ್ನೆರಡರ ಹೊತ್ತಿಗೆ ರೂಆಂನ ಸೇಂಟ್ ವಿವಿಯಾಂ ಚರ್ಚಿನ ಆರ್ಗನಿಸ್ಟ್ ಆಗಿದ್ದರು.

1904ರಲ್ಲಿ ಪ್ಯಾರಿಸ್ ಕನ್ಸರ್ವೇಟರಿ. ಮೊದಲ ಬಹುಮಾನಗಳು ಬಂದ ಸರದಿ ನೋಡಿ: 1905ರಲ್ಲಿ ಪಿಯಾನೋ, 1907ರಲ್ಲಿ ಆರ್ಗನ್, 1909ರಲ್ಲಿ ಫ್ಯೂಗ್ (ಒಂದೇ ವಿಷಯವನ್ನು ಹಲವು ದನಿಗಳು ಒಂದರ ಹಿಂದೊಂದು ಹಿಡಿಯುವ ರಚನೆ). 1914ರಲ್ಲಿ ಸಂಗೀತ ರಚನೆಗೆ ರೋಮ್ ಪ್ರಶಸ್ತಿ. ಗುರುಗಳು ಗಿಲ್ಮಾನ್, ವಿಯೆರ್ನ್, ವಿದೋರ್. ಇವರಲ್ಲಿ ಗಿಲ್ಮಾನ್ ಮತ್ತು ವಿದೋರ್ ಇಬ್ಬರೂ ಬ್ರಸೆಲ್ಸ್‌ನ ಲೆಮೆನ್ಸ್ ಶಿಷ್ಯರು, ಅಂದರೆ ಒಂದೇ ಪಾಠಾಂತರ.

ಹೆಸರು ಮಾಡಿದ್ದು 1920ರಲ್ಲಿ. 18ನೆಯ ಶತಮಾನದ ಜರ್ಮನ್ ರಚನಕಾರ ಬಾಖ್‌ನ ಆರ್ಗನ್ ಕೃತಿಗಳನ್ನು ಪೂರ್ತಿಯಾಗಿ, 10 ಕಛೇರಿಗಳಲ್ಲಿ, ಪುಸ್ತಕವಿಲ್ಲದೆ ನುಡಿಸಿದರು. ಹೊರದೇಶದ ಬಾಗಿಲು ತೆರೆದದ್ದು ಮಾತ್ರ ಮನೋಧರ್ಮದಿಂದ. ವಿಯೆರ್ನ್ ಕಣ್ಣಿನ ಚಿಕಿತ್ಸೆಗೆ ಹೋದಾಗ ದ್ಯುಪ್ರೆ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನಲ್ಲಿ ಅವರ ಬದಲಿಗೆ ನುಡಿಸುತ್ತಿದ್ದರು. 1919ರ ಆಗಸ್ಟ್ 15ರ ಸಂಜೆಯ ಪ್ರಾರ್ಥನೆಯಲ್ಲಿ ಅಲ್ಲಿಯೇ ಕಟ್ಟಿ ನುಡಿಸಿದ್ದನ್ನು ರೋಲ್ಸ್ ರಾಯ್ಸ್ ಕಂಪನಿಯ ಕ್ಲಾಡ್ ಜಾನ್ಸನ್ ಕೇಳಿದರು. ಅದನ್ನು ಬರೆದುಕೊಡಿ ಎಂದು ಕೇಳಿದ್ದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಕಛೇರಿಗೆ ದಾರಿ ಮಾಡಿದ್ದು ಅವರೇ. 1921ರ ಡಿಸೆಂಬರ್ 8ರಂದು ಫಿಲಡೆಲ್ಫಿಯಾದ ವಾನಮೇಕರ್ ಅಂಗಡಿಯ ಬೃಹತ್ ಆರ್ಗನ್ ಮೇಲೆ ನಾಲ್ಕು ಭಾಗಗಳ ಸಿಂಫನಿಯನ್ನೇ ಆಶುವಾಗಿ ನುಡಿಸಿದರು. ಮುಂದೆ 1924ರಲ್ಲಿ ಬರೆದು ಮುಗಿಸಿದ ‘ಸಿಂಫನಿ ಪ್ಯಾಶನ್’ ಅದೇ.

1934ರಲ್ಲಿ ವಿದೋರ್ ನಂತರ ಪ್ಯಾರಿಸ್ಸಿನ ಸೇಂಟ್ ಸುಲ್ಪಿಸ್ ಚರ್ಚಿನ ಆರ್ಗನಿಸ್ಟ್, ಸಾಯುವವರೆಗೂ ಅದೇ ಪೀಠ. ವಿದೋರ್ 1870ರಿಂದ ಇದ್ದವರು. ಲೆಕ್ಕ ಹಾಕಿದರೆ ಸುಮಾರು ನೂರು ವರ್ಷದಲ್ಲಿ ಆ ಬೆಂಚಿನ ಮೇಲೆ ಕೂತವರು ಇಬ್ಬರೇ.

3 · ತಿದಿ_ಗಾಳಿ

ಗೊತ್ತಿಲ್ಲದ ಆರ್ಗನ್ ಮುಂದೆ ಕೂತಾಗ ಏನು ಮಾಡಬೇಕು ಎಂಬುದಕ್ಕೆ ನನ್ನ ಉತ್ತರ. ಇದು ದ್ಯುಪ್ರೆ ಒಬ್ಬರ ಕ್ರಮವಲ್ಲ, ಊರೂರು ತಿರುಗುವ ಆರ್ಗನಿಸ್ಟರೆಲ್ಲ ಹೆಚ್ಚುಕಡಿಮೆ ಪಾಲಿಸುವುದು.

ಹೊರಡುವ ಮೊದಲೇ ಸ್ಟಾಪ್‌ಗಳ ಪಟ್ಟಿ ತರಿಸಿಕೊಳ್ಳಬೇಕು. ಅದರಲ್ಲಿ ಮೊದಲು ನೋಡಬೇಕಾದದ್ದು ಸ್ಟಾಪ್ ಅಲ್ಲ, ಮನೆಗಳ ಸಂಖ್ಯೆ. ಪೆಡಲ್ (ಕಾಲಿನಿಂದ ನುಡಿಸುವ ಮಣೆ) 27 ಮನೆಯದಾಗಿದ್ದರೆ ಮೇಲಿನ ಡಿ ವರೆಗೆ, 30 ಇದ್ದರೆ ಎಫ್ ವರೆಗೆ, 32 ಇದ್ದರೆ ಜಿ ವರೆಗೆ. ಬಾಖ್‌ನ ಎಫ್ ಮೇಜರ್ ಟೊಕಾಟಾಗೆ ಪೆಡಲ್‌ನಲ್ಲಿ ಮೇಲಿನ ಎಫ್ ಬೇಕೇ ಬೇಕು; 27 ಮನೆಯ ಪೆಡಲ್ ಇದ್ದಲ್ಲಿ ಅದನ್ನು ಕಾರ್ಯಕ್ರಮಕ್ಕೆ ಹಾಕಿಕೊಂಡರೆ ಮುಖಭಂಗ ಖಂಡಿತ. ಕೈಮಣೆಯಲ್ಲೂ 54, 56, 61 ಎಂದು ಬೇರೆಬೇರೆ. ಹಳೆಯ ಜರ್ಮನ್ ವಾದ್ಯಗಳಲ್ಲಿ ಕೆಳಗಿನ ಸಿ ಶಾರ್ಪ್ ಇಲ್ಲದೆಯೂ ಇರಬಹುದು.

ತಲುಪಿದ ಮೇಲೆ ಮೊದಲ ಒಂದು ಗಂಟೆ ಕೃತಿ ನುಡಿಸಬಾರದು. ಒಂದೊಂದೇ ಸ್ಟಾಪ್ ಎಳೆದು, ಕೆಳಗೆ, ನಡುವೆ, ಮೇಲೆ ಒಂದೊಂದು ಸ್ಥಾಯಿ ಕೇಳಬೇಕು. ಒಂದೇ ಹೆಸರಿನ ಫ್ಲೂಟ್ ಒಂದು ಊರಲ್ಲಿ ಪಿಸುಮಾತು, ಇನ್ನೊಂದು ಊರಲ್ಲಿ ಇಡೀ ಸಭೆ ತುಂಬುವ ದನಿ. ಹೆಸರು ನೋಡಿ ಸ್ಟಾಪ್ ಎಳೆಯುವುದೇ ಹೊಸಬರ ಮೊದಲ ತಪ್ಪು. ಆಮೇಲೆ ಕಪ್ಲರ್ (ಮಣೆಗಳನ್ನು ಒಂದಕ್ಕೊಂದು ಜೋಡಿಸುವುದು), ಆಮೇಲೆ ಸ್ವೆಲ್ ಪೆಟ್ಟಿಗೆ (ಕಾಲಿನಿಂದ ತೆರೆದು ಮುಚ್ಚಿ ದನಿ ಏರಿಳಿಸುವ ಕೊಳವೆಗಳ ಪೆಟ್ಟಿಗೆ) ಎಷ್ಟು ತೆರೆದರೆ ಎಷ್ಟು ದನಿ ಏರುತ್ತದೆ ಎಂಬುದು. ಕೆಲವು ಪೆಟ್ಟಿಗೆಗಳು ಮೊದಲ ಒಂದಿಂಚಿನಲ್ಲೇ ಮುಕ್ಕಾಲು ಪಾಲು ದನಿ ಬಿಟ್ಟುಬಿಡುತ್ತವೆ. ಅಂಥ ಕಡೆ ಕಾಲನ್ನು ತೀರಾ ನಿಧಾನವಾಗಿ ಒತ್ತಬೇಕು.

ಎರಡನೆಯ ಹಂತ, ಕೆಳಗೆ ಸಭೆಯ ನಡುವೆ ಒಬ್ಬರನ್ನು ನಿಲ್ಲಿಸುವುದು. ಯಾರೂ ಸಿಗದಿದ್ದರೆ ಅಲ್ಲೊಂದು ರೆಕಾರ್ಡರ್ ಇಡುವುದು. ಬೆಂಚಿನ ಹತ್ತಿರ ಕೇಳುವುದಕ್ಕೂ ಕೆಳಗೆ ಕೇಳುವುದಕ್ಕೂ ಸಂಬಂಧವೇ ಇರುವುದಿಲ್ಲ. ಬೆನ್ನ ಹಿಂದಿನ ಸಣ್ಣ ಪೆಟ್ಟಿಗೆಯ ಕೊಳವೆಗಳು ನುಡಿಸುವವರ ಕಿವಿಗೆ ಮೃದು, ಕೇಳುಗರಿಗೆ ಅವೇ ಮುಂದೆ. ಪೆಡಲ್‌ನ 16 ಅಡಿ ಸ್ಟಾಪ್ (8 ಅಡಿಯದು ಬರೆದ ಶ್ರುತಿಗೆ, 16 ಅದಕ್ಕಿಂತ ಒಂದು ಸ್ಥಾಯಿ ಕೆಳಗೆ) ಬೆಂಚಿನ ಮೇಲೆ ಕೇಳಿಸುವುದೇ ಇಲ್ಲ, ಕೆಳಗೆ ಗುಂಯ್‌ಗುಡುತ್ತಿರುತ್ತದೆ.

ಮೂರನೆಯದು ಸ್ಟಾಪ್ ಬದಲಾವಣೆಗಳನ್ನು ಕೂರಿಸುವುದು. ದೊಡ್ಡ ರೊಮ್ಯಾಂಟಿಕ್ ಕೃತಿ ಒಂದಕ್ಕೇ ಮೂವತ್ತು ನಲವತ್ತು ಬದಲಾವಣೆ ಬರಬಹುದು. ಈಗಿನ ಕನ್ಸೋಲ್‌ಗಳಲ್ಲಿ (ಮಣೆ, ಸ್ಟಾಪ್‌ಗಳಿರುವ, ಕೂತು ನುಡಿಸುವ ಮೇಜು) ಎಲೆಕ್ಟ್ರಾನಿಕ್ ನೆನಪು ಇರುತ್ತದೆ, ಗುಂಡಿ ಒತ್ತಿದರೆ ಮುಂದಿನದು ಬರುತ್ತದೆ. ಅದಿಲ್ಲದ ಕಡೆ ಎಡಕ್ಕೊಬ್ಬರು, ಬಲಕ್ಕೊಬ್ಬರು ಸಹಾಯಕರು. ಎಡದವರ ಸ್ಟಾಪ್‌ಗಳನ್ನು ಒಂದು ಬಣ್ಣದಲ್ಲಿ, ಬಲದವರದನ್ನು ಇನ್ನೊಂದರಲ್ಲಿ ಪುಸ್ತಕದ ಮೇಲೆ ಗುರುತಿಸಿ, ಪ್ರತಿ ಬದಲಾವಣೆಗೂ ಸಂಖ್ಯೆ ಕೊಡಬೇಕು. ‘ಇಲ್ಲಿ ಜೋರು’ ಎಂದು ಬರೆದಿಟ್ಟರೆ ಕೆಲಸ ಕೆಡುತ್ತದೆ. ಯಾವ ಮಾತ್ರೆಯ ನಂತರ, ಯಾವ ಸ್ಟಾಪ್, ಒಳಗೋ ಹೊರಗೋ, ಅಷ್ಟು ಖಚಿತವಾಗಿ ಬರೆಯಬೇಕು.

ದ್ಯುಪ್ರೆ ಕಾಲದಲ್ಲಿ ಎಲೆಕ್ಟ್ರಾನಿಕ್ ನೆನಪು ಇರಲಿಲ್ಲ ಎಂಬುದನ್ನು ಮರೆಯಬೇಡಿ. ಪುಸ್ತಕವಿಲ್ಲದೆ ನುಡಿಸುವುದರ ದೊಡ್ಡ ಲಾಭ ಇಲ್ಲಿಯೇ. ಕಣ್ಣು ಸ್ಟಾಪ್‌ಗಳ ಕಡೆಗೆ ಇರಬಹುದು.

4 · ಕರಾವಳಿ_ಕೀಲಿ

ಒಳ್ಳೆ ವಿವರ ಮಾರಾಯ್ರೆ. ಒಂದು ಸಂಶಯ. ಫ್ರೆಂಚ್ ಸಂಗೀತ ಪುಸ್ತಕಗಳಲ್ಲಿ ‘ಆಂಶ್ ತಯಾರು’ (ಆಂಶ್ ಅಂದ್ರೆ ರೀಡು, ಅದುರುವ ಲೋಹದ ಪಟ್ಟಿಯಿಂದ ನುಡಿಯುವ ಕೊಳವೆ) ಎಂಬರ್ಥದ ಸೂಚನೆ ಮೊದಲಿಗೇ ಇರ್ತದೆ, ಆದರೆ ರೀಡುಗಳ ದನಿ ಬರುವುದು ನಾಲ್ಕು ಪುಟ ಆದ ಮೇಲೆ. ಅದು ಹೇಗೆ?

5 · ಕೊಳವೆ16

ಅದು ಕವಾಯೆ-ಕೊಲ್ ವಾದ್ಯಗಳ ಒಳಗಿನ ರಚನೆಯಿಂದ ಬಂದದ್ದು. ಒಂದು ಕೈಮಣೆಗೆ ಸೇರಿದ ಕೊಳವೆಗಳನ್ನು ಎರಡು ಗಾಳಿಪೆಟ್ಟಿಗೆಗಳ ಮೇಲೆ ಹಂಚಿರುತ್ತಾರೆ. ಒಂದರ ಮೇಲೆ ಮೂಲ ಸ್ಟಾಪ್‌ಗಳು: 16, 8, 4 ಅಡಿಯ ಫ್ಲೂಟು, ಪ್ರಿನ್ಸಿಪಾಲ್, ತಂತಿವಾದ್ಯದ ದನಿಯವು. ಇನ್ನೊಂದರ ಮೇಲೆ ರೀಡುಗಳು ಮತ್ತು ಮಿಕ್ಸ್ಚರ್‌ಗಳು (ಒಂದು ಕೀಲಿಗೆ ಹಲವು ಎತ್ತರದ ಕೊಳವೆಗಳು ಒಟ್ಟಿಗೆ ನುಡಿಯುವ ಸ್ಟಾಪ್). ಈ ಎರಡನೆಯ ಪೆಟ್ಟಿಗೆಗೆ ಗಾಳಿ ಬಿಡುವ ಬಾಗಿಲು ಕಾಲಿನ ಕೆಳಗಿನ ಒಂದು ಕಬ್ಬಿಣದ ಪೆಡಲಿನಲ್ಲಿದೆ. ಮೊದಲೇ ರೀಡುಗಳ ಸ್ಟಾಪ್ ಎಳೆದಿಟ್ಟುಕೊಂಡರೂ ಗಾಳಿ ಇಲ್ಲದ ಕಾರಣ ದನಿಯಿಲ್ಲ. ಬೇಕಾದ ಜಾಗದಲ್ಲಿ ಪೆಡಲ್ ಒತ್ತಿದರೆ ಒಂದೇ ಏಟಿಗೆ ಎಲ್ಲವೂ ಬರುತ್ತವೆ, ಕೈ ಎತ್ತುವ ಅಗತ್ಯವಿಲ್ಲ.

ಫ್ರೆಂಚ್ ರಚನಕಾರರಾದ ಫ್ರಾಂಕ್, ವಿದೋರ್, ವಿಯೆರ್ನ್ ಆರ್ಗನ್‌ಗೆ ಬರೆದದ್ದೆಲ್ಲ ಈ ಪೆಡಲನ್ನು ಮನಸ್ಸಿನಲ್ಲಿಟ್ಟುಕೊಂಡೇ. ಬೇರೆ ದೇಶದ ಆರ್ಗನ್‌ನಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಅದೇ ಕೆಲಸವನ್ನು ಮೂರು ನಾಲ್ಕು ಗುಂಡಿಗಳಲ್ಲಿ ಕೂರಿಸಿಕೊಳ್ಳಬೇಕು: ಮೂಲ ಸ್ಟಾಪ್‌ಗಳು ಮಾತ್ರ, ಸ್ವೆಲ್ ರೀಡು ಸೇರಿ, ಎರಡನೆಯ ಕೈಮಣೆಯ ರೀಡು ಸೇರಿ, ಎಲ್ಲವೂ. ಏರುವಾಗ ಯಾವ ಸರದಿಯೋ ಇಳಿಯುವಾಗ ಅದರ ತಿರುಗುಮುರುಗು.

ಇನ್ನೊಂದು ಯಂತ್ರ ಬಾರ್ಕರ್ ಲಿವರ್. ಕೈಮಣೆಗಳನ್ನು ಒಂದಕ್ಕೊಂದು ಜೋಡಿಸಿದಾಗ ಕೀಲಿ ಕಲ್ಲಿನಂತೆ ಭಾರವಾಗುತ್ತದೆ, ಏಕೆಂದರೆ ಒಂದು ಬೆರಳು ಕೊಳವೆಗಳಿಗೆ ಗಾಳಿ ಬಿಡುವ ಹಲವು ಮುಚ್ಚಳ ತೆರೆಯಬೇಕು. ಬಾರ್ಕರ್ ಪದ್ಧತಿಯಲ್ಲಿ ಬೆರಳು ತೆರೆಯುವುದು ಪುಟ್ಟ ತಿದಿಗೆ ಗಾಳಿ ಬಿಡುವ ಕವಾಟವನ್ನು ಮಾತ್ರ, ಎಳೆಯುವ ಕೆಲಸ ತಿದಿಯದು. ಕವಾಯೆ-ಕೊಲ್ ಇದನ್ನು 1841ರ ಸೇಂಟ್ ಡೆನಿ ವಾದ್ಯದಲ್ಲಿ ಬಳಸಿದರು. ಸೇಂಟ್ ಸುಲ್ಪಿಸ್‌ನ 1862ರ ವಾದ್ಯಕ್ಕೆ ಐದು ಕೈಮಣೆ, ಆಗ 100 ಸ್ಟಾಪ್. ಈ ತಿದಿಗಳಿಲ್ಲದೆ ಅಂಥದ್ದನ್ನು ದ್ಯುಪ್ರೆ ಹಿಡಿದ ವೇಗದಲ್ಲಿ ನುಡಿಸಲು ಬರುತ್ತಿರಲಿಲ್ಲ.

6 · ಹೆಬ್ಬೆರಳು

ಕಾಲಿನ ಕೆಲಸದ ಬಗ್ಗೆ ಯಾರೂ ಬರೆದಿಲ್ಲ. ದ್ಯುಪ್ರೆ ಪಾಠದ ಅಡಿಪಾಯ ಅದೇ. 1912ರಲ್ಲಿ ಬರೆದ ಮೂರು ಪ್ರಿಲ್ಯೂಡ್ ಮತ್ತು ಫ್ಯೂಗ್‌ಗಳನ್ನು (ಓಪಸ್ 7) ವಿದೋರ್ ಅವರೇ ನುಡಿಸಲಾಗದವು ಎಂದರು. ಅದರ ಜಿ ಮೈನರ್ ಪ್ರಿಲ್ಯೂಡ್‌ನಲ್ಲಿ ಕಾಲುಗಳಿಗೆ ನಾಲ್ಕು ಸ್ವರಗಳ ಸ್ವರಗುಚ್ಛ ಇದೆ: ಒಂದೊಂದು ಪಾದ ಎರಡೆರಡು ಮನೆ ಒತ್ತಬೇಕು.

ಶುರು ಮಾಡುವವರಿಗೆ ಕ್ರಮ ಹೀಗೆ. ಬೆಂಚಿನ ಎತ್ತರ ಮೊದಲು. ಕೂತಾಗ ಎರಡೂ ಪಾದ ಒತ್ತಡವಿಲ್ಲದೆ ಬಿಳಿ ಮನೆಗಳ ಮೇಲೆ ಒರಗಬೇಕು, ಮನೆ ಕೆಳಗಿಳಿಯಬಾರದು. ಬೆಂಚು ತಗ್ಗಾದರೆ ಬೇಡದ ಸ್ವರ ನುಡಿಯುತ್ತದೆ. ಎತ್ತರವಾದರೆ ತೊಡೆ ಬಿಗಿಯುತ್ತದೆ, ದೇಹದ ಭಾರ ಕೈಗೆ ಬಂದು ಬೆರಳು ಗಟ್ಟಿಯಾಗುತ್ತದೆ. ಹತ್ತಿರ ದೂರ ಎಷ್ಟೆಂದರೆ, ಪಾದದ ತುದಿ ಕರಿ ಮನೆಯ ಅಂಚಿಗೆ ಸ್ವಲ್ಪ ಈಚೆಗೆ ಬರಬೇಕು.

ಪಾದರಕ್ಷೆ: ತೆಳು ಚರ್ಮದ ಅಟ್ಟೆ, ಸುಮಾರು 3 ಸೆಂ.ಮೀ. ಹಿಮ್ಮಡಿ. ರಬ್ಬರ್ ಅಟ್ಟೆ ಮನೆಗೆ ಅಂಟುತ್ತದೆ, ಜಾರಬೇಕಾದಲ್ಲಿ ಜಾರುವುದಿಲ್ಲ. ಬರಿಗಾಲಿನಲ್ಲಿ ಅಭ್ಯಾಸ ಮಾಡಿದವರಿಗೆ ಹಿಮ್ಮಡಿಯ ಎತ್ತರ ಸಿಗದೆ ಪಾದ ತಿರುಗಿಸುವುದೇ ಬರುವುದಿಲ್ಲ.

ಮಂಡಿಗಳು ಜೊತೆಯಾಗಿರಲಿ, ಐದು ಸ್ವರದ ಅಂತರದವರೆಗೂ ಬಿಡಿಸುವ ಅಗತ್ಯವಿಲ್ಲ. ಚಲನೆ ಹರಡಿನಿಂದ, ತೊಡೆಯಿಂದಲ್ಲ. ಕೆಳಗೆ ನೋಡಬಾರದು. ಕರಿ ಮನೆಗಳು ಎರಡು, ಮೂರು ಎಂದು ಗುಂಪಾಗಿರುತ್ತವಲ್ಲ, ಆ ಗುಂಪುಗಳ ನಡುವಿನ ಬಿಡುವನ್ನು ಪಾದದ ಬದಿಯಿಂದ ತಡವಿ ಜಾಗ ಗುರುತಿಸಬೇಕು. ತುದಿ–ಹಿಮ್ಮಡಿ ಬದಲಿಸುತ್ತ ಎಲ್ಲ ಸ್ಕೇಲುಗಳು, ನಿಮಿಷಕ್ಕೆ 60 ಮಾತ್ರೆಯಲ್ಲಿ, ಸ್ವರಕ್ಕೊಂದು ಮಾತ್ರೆ.

ಕೃತಿ ಕಲಿಯುವಾಗ ಜೋಡಣೆಯ ಸರದಿ: ಪೆಡಲ್ ಒಂದೇ, ಆಮೇಲೆ ಎಡಗೈ ಜೊತೆ ಪೆಡಲ್, ಆಮೇಲೆ ಬಲಗೈ ಜೊತೆ ಪೆಡಲ್, ಆಮೇಲೆ ಎರಡು ಕೈ, ಕೊನೆಗೆ ಮೂರೂ. ಪಿಯಾನೋದಿಂದ ಬಂದವರು ಸೋಲುವುದು ಎಡಗೈ–ಪೆಡಲ್‌ನಲ್ಲಿ. ಅವರ ಎಡಗೈಗೆ ತಾನೇ ಮಂದ್ರ ಎಂಬ ಅಭ್ಯಾಸ, ಕಾಲು ಹೋದ ಕಡೆಗೆ ಅದೂ ಹೋಗುತ್ತದೆ. ಅದಕ್ಕೇ ಆ ಜೋಡಿಗೆ ಉಳಿದೆಲ್ಲಕ್ಕಿಂತ ಎರಡು ಪಾಲು ಹೊತ್ತು ಕೊಡಬೇಕು.

7 · ಶ್ರುತಿಪೆಟ್ಟಿಗೆ

ಎಲ್ಲರಿಗೂ ವಂದನೆ. ದ್ಯುಪ್ರೆ ಹೇಳಿದ ‘ಅರ್ಧ ಬೆಲೆ’ ನಿಯಮ ಎಂದು ಓದಿದ್ದೇನೆ. ಇದು ಏನು, ಯಾಕೆ ಬೇಕು?

8 · ಕೊಳವೆ16

ಆರ್ಗನ್ ದನಿಗೆ ಇಳಿಕೆ ಇಲ್ಲ. ಪಿಯಾನೋ, ವೀಣೆಯಲ್ಲಿ ಮೀಟಿದ ಸ್ವರ ತಾನೇ ಕರಗುತ್ತದೆ, ಹಾಗಾಗಿ ಅದೇ ಸ್ವರವನ್ನು ಮತ್ತೆ ಮೀಟಿದರೆ ಬೇರೆಯಾಗಿ ಕೇಳುತ್ತದೆ. ಆರ್ಗನ್‌ನಲ್ಲಿ ಕೀಲಿ ಒತ್ತಿರುವಷ್ಟು ಹೊತ್ತೂ ಒಂದೇ ಗಾತ್ರ. ಎರಡು ‘ಸ’ಗಳ ನಡುವೆ ಮೌನ ಇಡದಿದ್ದರೆ ಒಂದೇ ಉದ್ದ ‘ಸ’ ಆಗುತ್ತದೆ. ಎಷ್ಟು ಮೌನ? ಅಂದಾಜಿಗೆ ಬಿಡಬೇಡಿ, ಅಳೆಯಿರಿ ಎಂಬುದು ದ್ಯುಪ್ರೆ ನಿಲುವು: ಸ್ವರ ಮರುಕಳಿಸಿದರೆ ಮೊದಲನೆಯದು ಅರ್ಧ ಬೆಲೆಗೆ ನಿಲ್ಲಲಿ, ಉಳಿದರ್ಧ ಮೌನ. ಬೇರೆ ಬೇರೆ ಸ್ವರಗಳ ನಡುವೆ ಮಾತ್ರ ಪೂರ್ಣ ಲೆಗಾಟೊ, ಕೂದಲೆಳೆಯಷ್ಟೂ ಬಿರುಕಿಲ್ಲದೆ. ಆ ಲೆಗಾಟೊಗಾಗಿ ಒತ್ತಿಹಿಡಿದ ಕೀಲಿಯ ಮೇಲೆ ಸದ್ದಿಲ್ಲದೆ ಬೆರಳು ಬದಲಿಸುವುದು, ಹೆಬ್ಬೆರಳನ್ನು ಜಾರಿಸುವುದು, ಕರಿ ಮನೆಯಿಂದ ಬಿಳಿ ಮನೆಗೆ ಒಂದೇ ಬೆರಳು ಇಳಿಸುವುದು ಎಲ್ಲವನ್ನೂ ಕಲಿಸುತ್ತಿದ್ದರು. ಬಾಖ್ ಕೃತಿಗಳ ಅವರ ಆವೃತ್ತಿಯಲ್ಲಿ ಬೆರಳು, ಪಾದ ಎಲ್ಲಕ್ಕೂ ಗುರುತು ಹಾಕಿದ್ದಾರೆ.

9 · ಮೂರನೇ_ಸ್ಥಾಯಿ

ಇಲ್ಲಿ ನಾನು ಒಪ್ಪುವುದಿಲ್ಲ. ನಿಯಮದ ಖಚಿತತೆ ಸರಿ, ಅದನ್ನು ಬಾಖ್ ಮೇಲೆ ಹೇರಿದ್ದು ಸರಿಯಲ್ಲ.

ಬಾಖ್ ಕಾಲದ ಪೆಡಲ್ ಮಣೆ ಚಪ್ಪಟೆ, ನೇರ, ಮನೆಗಳು ಗಿಡ್ಡ. ಹಿಮ್ಮಡಿ ಊರಲು ಜಾಗವೇ ಕಡಿಮೆ. ಪಾದದ ತುದಿಯಿಂದಲೇ, ಎಡ–ಬಲ ಬದಲಿಸುತ್ತ ನುಡಿಸಿದರೆ ಸ್ವರಗಳ ನಡುವೆ ತಾನಾಗಿ ಸಣ್ಣ ಬಿಡುವು ಬರುತ್ತದೆ. ಆ ಬಿಡುವೇ ಸಂಗೀತದ ಉಚ್ಚಾರಣೆ, ಮಾತಿನಲ್ಲಿ ವ್ಯಂಜನ ಇದ್ದ ಹಾಗೆ. ಎಲ್ಲವನ್ನೂ ಬೆಸೆದರೆ ಬರೀ ಸ್ವರಾಕ್ಷರಗಳಲ್ಲಿ ಮಾತಾಡಿದಂತಾಗುತ್ತದೆ.

ಇದನ್ನು ಗಟ್ಟಿಯಾಗಿ ತೋರಿಸಿದ್ದು ದ್ಯುಪ್ರೆ ಶಿಷ್ಯೆಯೇ ಆದ ಮರಿ-ಕ್ಲೇರ್ ಅಲೆಂ (1926–2013). ಬಾಖ್ ಆರ್ಗನ್ ಕೃತಿಗಳನ್ನು ಪೂರ್ತಿಯಾಗಿ ಮೂರು ಸಲ ಧ್ವನಿಮುದ್ರಿಸಿದರು. ಮೂರನೆಯ ಸಲ ಹುಡುಕಿಕೊಂಡು ಹೋದದ್ದು ಹಳೆಯ ಐತಿಹಾಸಿಕ ವಾದ್ಯಗಳನ್ನು. ಒಂದೇ ಕೃತಿಯನ್ನು ಮೊದಲ ಮತ್ತು ಮೂರನೆಯ ಮುದ್ರಿಕೆಯಲ್ಲಿ ಪಕ್ಕಪಕ್ಕ ಇಟ್ಟು ಕೇಳಿ. ಗುರುವಿನಿಂದ ಪಡೆದದ್ದನ್ನು ವಾದ್ಯದ ಎದುರು ಕೂತು ಮರುಪರೀಕ್ಷೆ ಮಾಡಿದ್ದು ಕಿವಿಗೇ ತಿಳಿಯುತ್ತದೆ. ರುಯೆ-ಮಾಲ್ಮೆಸೋಂ ಸಂಗೀತಶಾಲೆಯಲ್ಲಿ, ಹಾರ್ಲೆಮ್‌ನ ಬೇಸಿಗೆ ತರಗತಿಗಳಲ್ಲಿ ಆಕೆ ಬೇರೆ ಬೇರೆ ದೇಶಗಳಿಂದ ಬಂದವರಿಗೆ ಕಲಿಸಿದರು. ಆ ಬದಲಾವಣೆ ಹಾಗೆ ಹರಡಿತು.

10 · ತಿದಿ_ಗಾಳಿ

ಇಬ್ಬರ ಮಾತೂ ಕೇಳಿದ ಮೇಲೆ ಒಂದು ಲೆಕ್ಕ ಮುಂದಿಡುತ್ತೇನೆ. ಮೌನದ ಅಳತೆ ಕಾಗದದ ಮೇಲೆ ಮಾತ್ರ ತೀರ್ಮಾನವಾಗುವುದಿಲ್ಲ, ಕಟ್ಟಡವೂ ಅದರಲ್ಲಿ ಪಾಲು ಕೇಳುತ್ತದೆ. ಕಲ್ಲಿನ ದೊಡ್ಡ ಚರ್ಚಿನಲ್ಲಿ ದನಿ ಸಾಯಲು ನಾಲ್ಕೈದು ಸೆಕೆಂಡು ಹಿಡಿಯಬಹುದು. ಅಲ್ಲಿ ಅರ್ಧ ಬೆಲೆಯ ಮೌನವನ್ನು ಪ್ರತಿಧ್ವನಿ ತುಂಬಿಬಿಡುತ್ತದೆ, ಕೇಳುಗರಿಗೆ ಸಿಗುವುದು ಹದವಾದ ಬಿಡುವು. ಅದೇ ನುಡಿಸಾಣಿಕೆಯನ್ನು ಪರದೆ, ಕುಶನ್ ಇರುವ ಸಭಾಂಗಣಕ್ಕೆ ತಂದರೆ ಕುಟ್ಟಿದ ಹಾಗೆ ಕೇಳುತ್ತದೆ. ದ್ಯುಪ್ರೆ ಚರ್ಚಿನ ಆರ್ಗನಿಸ್ಟ್ ಆಗಿ ನುಡಿಸಿದ್ದು ನೋತ್ರ್ ದಾಮ್, ಸೇಂಟ್ ಸುಲ್ಪಿಸ್‌ನಂಥ ಕಡೆ. ನಿಯಮ ಆ ಗೋಡೆಗಳಿಗೆ ಹೊಂದುತ್ತದೆ.

ಶೈಲಿಯ ವಿಚಾರದಲ್ಲಿ ಮೂರನೇ_ಸ್ಥಾಯಿ ಅವರ ಮಾತು ಸರಿ. ಆದರೆ ವಿದ್ಯಾರ್ಥಿ ಮೊದಲು ದ್ಯುಪ್ರೆ ಲೆಗಾಟೊ ಕಲಿಯಲಿ. ಬೆಸೆಯಲು ಬಂದವರಿಗೆ ಬಿಡಿಸಲು ಬರುತ್ತದೆ. ಬೆಸೆಯಲು ಬಾರದವರ ಬಿಡುವು ಬೆರಳಿನ ಅಡಚಣೆಯಿಂದ ಬಂದದ್ದು, ಪ್ರತಿ ಸಲ ಬೇರೆ ಬೇರೆ ಅಳತೆ.

11 · ಕರಾವಳಿ_ಕೀಲಿ

ತರಗತಿಯಲ್ಲಿ ಮನೋಧರ್ಮ ಹೇಗೆ ಕಲಿಸ್ತಿದ್ರು? ಅದನ್ನು ಕಲಿಸಲಿಕ್ಕೆ ಆಗ್ತದಾ?

12 · ಮೂರನೇ_ಸ್ಥಾಯಿ

ಆಗುತ್ತದೆ. ಪ್ಯಾರಿಸ್ ಆರ್ಗನ್ ತರಗತಿಯ ಭಾರವೆಲ್ಲ ಅದರ ಮೇಲೇ ಇತ್ತು. ಕೊಟ್ಟ ವಿಷಯದ ಮೇಲೆ ಅಲ್ಲೇ ಫ್ಯೂಗ್ ಕಟ್ಟಬೇಕು. ನಮ್ಮ ಕಲ್ಪನಾಸ್ವರದಲ್ಲಿ ಎಷ್ಟೇ ವಿಸ್ತರಿಸಿದರೂ ಎಡುಪಿಗೆ ಬಂದು ಸೇರಬೇಕಲ್ಲ, ಇಲ್ಲೂ ಹಾರಾಡಲು ಜಾಗ ಇದೆ, ಬಂದು ಇಳಿಯುವ ಜಾಗಗಳು ಗೊತ್ತುಪಡಿಸಿದವು.

ವಿಷಯ ನಾಲ್ಕು ಬಾರಿನದು (ಬಾರು ಎಂದರೆ ಒಂದು ತಾಳಖಂಡ) ಎಂದುಕೊಳ್ಳಿ. ಮೊದಲು ಉತ್ತರ, ಅಂದರೆ ಎರಡನೆಯ ದನಿ ಅದೇ ವಿಷಯವನ್ನು ಪಂಚಮದಲ್ಲಿ ಹಿಡಿಯುವುದು, ಯೋಚಿಸಬೇಕು. ವಿಷಯ ಸ–ಪ ಎಂದು ಶುರುವಾದರೆ ಉತ್ತರ ಪ–ರಿ ಎಂದು ಹೋಗಬಾರದು, ಪ–ಸ ಎಂದು ತಿರುಗಬೇಕು. ಇದನ್ನು ತಪ್ಪಿಸಿದವರ ಫ್ಯೂಗ್ ಎರಡನೆಯ ಪ್ರವೇಶದಲ್ಲೇ ಆಧಾರಶ್ರುತಿ ಬಿಟ್ಟು ಹೊರಟುಹೋಗುತ್ತದೆ. ಆಮೇಲೆ ಉತ್ತರದ ಜೊತೆ ನಡೆಯುವ ಪ್ರತಿವಿಷಯ. ಅದು ಮೇಲಿದ್ದರೂ ಕೆಳಗಿದ್ದರೂ ಕೂಡಬೇಕು. ಇಲ್ಲಿ ಎಡವುವುದು ಪಂಚಮದ ಅಂತರ ಬಳಸಿ: ತಲೆಕೆಳಗಾದಾಗ ಪಂಚಮ ಮಧ್ಯಮವಾಗಿ ಒರಟಾಗುತ್ತದೆ. ತೃತೀಯ, ಷಷ್ಠ ಅಂತರಗಳನ್ನು ನೆಚ್ಚಿಕೊಂಡರೆ ಕ್ಷೇಮ.

ನಾಲ್ಕು ದನಿಗಳ ಪ್ರವೇಶ ಮುಗಿದ ಮೇಲೆ ಒಂದು ಸಂಚಾರ, ವಿಷಯದ ಬಾಲದ ತುಣುಕೊಂದನ್ನು ಹಿಡಿದು. ಅಲ್ಲಿಂದ ಸಂಬಂಧಿ ಮೈನರ್ ಅಥವಾ ಮೇಜರ್, ಮತ್ತೆ ಸಂಚಾರ, ಮಧ್ಯಮ ಶ್ರುತಿ, ಕೊನೆಗೆ ವಿಷಯ ಮುಗಿಯುವ ಮೊದಲೇ ಉತ್ತರ ನುಗ್ಗುವ ಒತ್ತೊತ್ತಿನ ಪ್ರವೇಶ, ಅದರ ಕೆಳಗೆ ಪೆಡಲ್‌ನಲ್ಲಿ ನಿಂತ ಪಂಚಮ. ಪೆಡಲ್ ಅನ್ನು ಮೊದಲ ಪ್ರವೇಶಗಳಲ್ಲಿ ಕೊನೆಗೆ ತರುವುದು ಜಾಣತನ: ಅಷ್ಟು ಹೊತ್ತಿಗೆ ಕೈಗಳಿಗೆ ದಾರಿ ಪಾಠವಾಗಿರುತ್ತದೆ.

ಶಾಲೆಯ ಸಾಧಕದಲ್ಲಿ ಇದನ್ನೆಲ್ಲ ಒಮ್ಮೆಗೇ ಮಾಡಿಸುವುದಿಲ್ಲ. ಮೊದಲು ಕೊಟ್ಟ ರಾಗಕ್ಕೆ ನಾಲ್ಕು ದನಿ ಕೂರಿಸುವುದು, ಆಮೇಲೆ ಆ ರಾಗವನ್ನೇ ಮಂದ್ರದಲ್ಲಿಟ್ಟು ಮೇಲೆ ಮೂರು ದನಿ, ಆಮೇಲೆ ಎರಡೇ ದನಿಯ ಅನುಕರಣೆ. ಒಂದು ನಿಯಮ ಎಲ್ಲ ಹಂತಕ್ಕೂ ಉಂಟು: ನಿಲ್ಲಬಾರದು. ತಪ್ಪು ಸ್ವರ ಬಿದ್ದರೂ ಲಯ ಮುಂದೆ ಹೋಗಬೇಕು. ತಿದ್ದಲು ಹಿಂದಿರುಗಿದವರಿಗೆ ಕಛೇರಿಯಲ್ಲೂ ಅದೇ ಚಟ ಬರುತ್ತದೆ.

ಮೆಸ್ಸಿಯಾನ್, ಜಾನ್ ಲಾಂಗ್ಲೆ, ಗ್ಯಾಸ್ತೋಂ ಲಿತೇಜ್, ಜಾನ್ ಅಲೆಂ, ಜಾನ್ ದೆಮೆಸ್ಯೂ, ಪಿಯೆರ್ ಕೊಶೆರೋ ಎಲ್ಲರೂ ದ್ಯುಪ್ರೆ ಕೈಯಲ್ಲಿ ಕಲಿತವರು. ಒಬ್ಬರ ಸಂಗೀತ ಇನ್ನೊಬ್ಬರ ಹಾಗಿಲ್ಲ. ಬೆರಳಿಗೆ ಅಷ್ಟು ಕಟ್ಟುಪಾಡು ಹಾಕಿದ ಗುರು ಕಲ್ಪನೆಗೆ ಹಾಕಲಿಲ್ಲ ಎಂಬುದಕ್ಕೆ ನನಗೆ ಇದೇ ಸಾಕ್ಷಿ. ಬಾಖ್ ಬಗ್ಗೆ ಎಷ್ಟೇ ಭಿನ್ನಾಭಿಪ್ರಾಯ ಇದ್ದರೂ ಈ ಒಂದಕ್ಕೆ ತಲೆಬಾಗುತ್ತೇನೆ.

13 · ಹೆಬ್ಬೆರಳು

ಮೇಲಿನ ಹೆಸರುಗಳಲ್ಲಿ ಲಾಂಗ್ಲೆ ಮತ್ತು ಲಿತೇಜ್ ಕಣ್ಣು ಕಾಣದವರು. ಕಂಠಪಾಠದ ವಿಷಯ ಬಂದಾಗ ಇವರನ್ನೂ ಜರ್ಮನಿಯ ಹೆಲ್ಮುಟ್ ವಾಲ್ಖಾ (1907–1991) ಅವರನ್ನೂ ನೆನೆಯಬೇಕು. ವಾಲ್ಖಾ ಹದಿಹರೆಯದಲ್ಲಿ ದೃಷ್ಟಿ ಕಳೆದುಕೊಂಡರು. ಕೃತಿಯ ಒಂದೊಂದೇ ದನಿಯನ್ನು ಬೇರೊಬ್ಬರು ನುಡಿಸಿ ಕೇಳಿಸಬೇಕು, ಅವರು ಅದನ್ನು ಬೇರೆ ಬೇರೆಯಾಗಿ ಕಲಿತು ತಲೆಯೊಳಗೆ ಜೋಡಿಸಿಕೊಳ್ಳುತ್ತಿದ್ದರು. ಹಾಗೆ ಕಲಿತ ಬಾಖ್‌ನ ಆರ್ಗನ್ ಕೃತಿಗಳನ್ನು ಎರಡು ಸಲ ಧ್ವನಿಮುದ್ರಿಸಿದರು.

ಕಣ್ಣಿರುವವರಿಗೂ ಇದೇ ದಾರಿ ಒಳ್ಳೆಯದು. ಬರೀ ಬೆರಳಿನ ನೆನಪು ಆರ್ಗನ್‌ನಲ್ಲಿ ಕೈಕೊಡುತ್ತದೆ. ಕೀಲಿಯ ಭಾರ, ಕೈಮಣೆಗಳ ನಡುವಿನ ಎತ್ತರ ಊರಿಗೊಂದು ತರಹ, ಬೆರಳಿಗೆ ಜಾಗ ತಪ್ಪಿದಂತಾಗಿ ನೆನಪು ಕಡಿಯುತ್ತದೆ. ಪರೀಕ್ಷೆ ಸುಲಭ: ಬಲಗೈ ನುಡಿಸುತ್ತ ಮಂದ್ರದ ದನಿಯನ್ನು ಬಾಯಲ್ಲಿ ಹಾಡಿ. ಹಾಡಲು ಬಂದರೆ ಕೃತಿ ಬಂದಿದೆ. ಅದರ ಜೊತೆಗೆ ಆರೆಂಟು ಬಾರುಗಳಿಗೊಂದು ನಿಲ್ದಾಣ ಇಟ್ಟುಕೊಂಡು, ಅಲ್ಲಿಂದಲೇ ಶುರು ಮಾಡಿ ನುಡಿಸುವುದನ್ನೂ ಅಭ್ಯಾಸ ಮಾಡಬೇಕು.

14 · ತಿದಿ_ಗಾಳಿ

ಕಛೇರಿ ದಿನ ಏನೇನು ಕೆಡುತ್ತದೆ ಎಂಬುದನ್ನೂ ಸೇರಿಸುತ್ತೇನೆ.

ಶ್ರುತಿ: ಗಾಳಿ ಬೆಚ್ಚಗಾದರೆ ಬಾಯಿಕೊಳವೆಗಳ (ರೀಡಿಲ್ಲದೆ ಕೊಳಲಿನಂತೆ ನುಡಿಯುವವುಗಳ) ಶ್ರುತಿ ಏರುತ್ತದೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 3 ಸೆಂಟ್ (ಸೆಂಟ್ ಎಂದರೆ ಅರ್ಧಸ್ವರದ ನೂರನೆಯ ಪಾಲು). ರೀಡು ಕೊಳವೆಗಳು ಅಷ್ಟು ಏರುವುದಿಲ್ಲ. ಬೆಳಿಗ್ಗೆ ತಣ್ಣಗಿದ್ದ ಚರ್ಚು ಸಂಜೆ ಜನ ತುಂಬಿ 8 ಡಿಗ್ರಿ ಏರಿದರೆ ಸುಮಾರು 24 ಸೆಂಟ್, ಅಂದರೆ ಅರ್ಧಸ್ವರದ ಕಾಲು ಭಾಗದಷ್ಟು ಬಿರುಕು. ರೀಡುಗಳನ್ನು ಶ್ರುತಿ ಮಾಡುವುದಿದ್ದರೆ ಕಛೇರಿಯ ಹೊತ್ತಿನ ಬಿಸುಪಿನಲ್ಲೇ ಮಾಡಬೇಕು. ಆರ್ಗನ್‌ನ ಶ್ರುತಿಗೆ ಹೊರಗಿನ ವಾದ್ಯಗಳು ಹೊಂದಿಕೊಳ್ಳಬೇಕೇ ಹೊರತು ಅದು ಅವುಗಳಿಗೆ ಹೊಂದುವುದಿಲ್ಲ.

ತಡ: ಕನ್ಸೋಲ್ ಕೊಳವೆಗಳಿಂದ 25 ಮೀಟರ್ ದೂರ ಇದ್ದರೆ ದನಿ ಸುಮಾರು 73 ಮಿಲಿಸೆಕೆಂಡು ತಡವಾಗಿ ಬರುತ್ತದೆ. ನಿಮಿಷಕ್ಕೆ 100 ಮಾತ್ರೆಯ ನಡೆಯಲ್ಲಿ ಮಾತ್ರೆಯ ಕಾಲು ಭಾಗ 150 ಮಿಲಿಸೆಕೆಂಡು, ಅದರಲ್ಲಿ ಅರ್ಧದಷ್ಟು ತಡ. ಕಿವಿಗೆ ಕಾಯುತ್ತ ನುಡಿಸಿದರೆ ಪ್ರತಿ ಬಾರಿನಲ್ಲೂ ಲಯ ಇಳಿಯುತ್ತದೆ. ಬೆರಳ ತುದಿಯ ಲಯವನ್ನು ನಂಬಬೇಕು.

ಸೈಫರ್: ಕೀಲಿ ಬಿಟ್ಟ ಮೇಲೂ ಸ್ವರ ನಿಲ್ಲದಿರುವುದು. ಮುಚ್ಚಳದ ಕೆಳಗೆ ಕಸ ಕೂತಿರುತ್ತದೆ, ಇಲ್ಲವೇ ತೇವಕ್ಕೆ ಮರ ಉಬ್ಬಿರುತ್ತದೆ. ಮೊದಲು ಆ ಕೀಲಿಯನ್ನು ಐದಾರು ಸಲ ಚುರುಕಾಗಿ ಒತ್ತಿ ಬಿಡಿ, ಕಸ ಹಾರಿಹೋಗಬಹುದು. ಆಗದಿದ್ದರೆ ಸ್ಟಾಪ್‌ಗಳನ್ನು ಒಂದೊಂದಾಗಿ ಒಳಗೆ ತಳ್ಳಿ ನೋಡಿ. ಒಂದೇ ಸ್ಟಾಪ್‌ನದಾದರೆ ಅದನ್ನು ಬಿಟ್ಟು ನುಡಿಸಬಹುದು. ಎಲ್ಲ ಸ್ಟಾಪ್‌ಗೂ ಬಂದರೆ ದೋಷ ಮುಚ್ಚಳದ್ದೇ, ಒಳಗೆ ಹೋಗುವವರು ಬೇಕು. ಕೊಳವೆಗೆ ಬರಿಗೈ ಹಾಕಬೇಡಿ, ಮೈ ಬಿಸಿಗೂ ಶ್ರುತಿ ಸರಿಯುತ್ತದೆ.

15 · ಕರಾವಳಿ_ಕೀಲಿ

ನಮ್ಮ ಕಡೆ ಚರ್ಚುಗಳಲ್ಲಿ ಹೆಚ್ಚಾಗಿ ಇರುವುದು ಎಲೆಕ್ಟ್ರಾನಿಕ್ ಆರ್ಗನ್. ಅದರಲ್ಲಿ ಕಲಿಯುವವರು ಕೊಳ್ಳುವ ಮೊದಲು ಪೆಡಲ್ ಎಣಿಸಿ. 13 ಪೆಡಲಿನ ಗಿಡ್ಡ ಮಣೆಯಲ್ಲಿ ಎಡಗಾಲು ಮಾತ್ರ ಕಲಿಯುತ್ತದೆ, ಬಲಗಾಲು ಸ್ವೆಲ್ ಮೇಲೆ ಕೂತುಬಿಡುತ್ತದೆ. ಆಮೇಲೆ ಬಿಡಿಸಲಿಕ್ಕೆ ಕಷ್ಟ. 30 ಅಥವಾ 32 ಇರುವುದೇ ಆಗಬೇಕು. ಕಂಪ್ಯೂಟರ್ ಆರ್ಗನ್ ಇಟ್ಟುಕೊಂಡವರು ಕೀಲಿಗೂ ದನಿಗೂ ನಡುವಿನ ತಡವನ್ನು 10–15 ಮಿಲಿಸೆಕೆಂಡಿನೊಳಗೆ ಇಳಿಸಿಕೊಳ್ಳಿ. ಪ್ರತಿಧ್ವನಿ ತುಂಬಿದ ಸ್ಯಾಂಪಲ್ (ನಿಜವಾದ ಆರ್ಗನ್‌ನಿಂದ ಮುದ್ರಿಸಿಕೊಂಡ ದನಿ) ಹಾಕಿಕೊಂಡು ದಿನಾ ಸಾಧಕ ಮಾಡಬೇಡಿ: ಮೇಲೆ ತಿದಿ_ಗಾಳಿಯವರು ಹೇಳಿದ ಹಾಗೆ ಬಿಡುವಿನ ಅಳತೆ ಆ ಒಂದೇ ಗೋಡೆಗೆ ಒಗ್ಗಿಹೋಗ್ತದೆ.

ಹಾರ್ಮೋನಿಯಂನಿಂದ ಬರುವವರಿಗೆ ಒಂದು ಅನುಕೂಲ ಉಂಟು, ದನಿ ಕರಗದ ವಾದ್ಯದ ಅಭ್ಯಾಸ. ಒಂದು ತೊಡಕೂ ಉಂಟು. ತಿದಿಯ ಒತ್ತಡದಿಂದ ದನಿ ಏರಿಸಿ ಇಳಿಸುವ ಎಡಗೈಗೆ ಇಲ್ಲಿ ಆ ಕೆಲಸವೇ ಇಲ್ಲ. ಒತ್ತು ಬೇಕಾದ ಸ್ವರದ ಹಿಂದೆ ಬಿಡುವು ಕೊಟ್ಟು ಅದನ್ನು ಎದ್ದು ಕಾಣಿಸಬೇಕು.

16 · ಶ್ರುತಿಪೆಟ್ಟಿಗೆ

ಕೊನೆಯದಾಗಿ ಒಂದು. ಇಷ್ಟನ್ನೂ ಒಂದೇ ಸಣ್ಣ ಕೃತಿಯಲ್ಲಿ ಅಭ್ಯಾಸ ಮಾಡಬೇಕೆಂದರೆ ಯಾವುದು?

17 · ಕೊಳವೆ16

ಬಾಖ್‌ನ ‘ಓರ್ಗೆಲ್‌ಬ್ಯೂಖ್‌ಲೈನ್’ ಸಂಗ್ರಹದ ‘ಇಖ್ ರೂಫ್ ತ್ಸು ದೀರ್’, ಬಿಡಬ್ಲ್ಯುವಿ (ಬಾಖ್ ಕೃತಿಪಟ್ಟಿಯ ಸಂಖ್ಯೆ) 639. ಎಫ್ ಮೈನರ್, ಮೂರೇ ದನಿ. ಬಲಗೈಗೆ ಅಲಂಕಾರವಿರುವ ರಾಗ, ಎಡಗೈಗೆ ನಿಲ್ಲದ ಹರಿವು, ಪೆಡಲ್‌ಗೆ ನಾಡಿಯ ಹಾಗೆ ಬಡಿಯುವ ಸಮಸ್ವರಗಳು. ಎರಡು ಕೈಮಣೆ ಬೇಕು. ಬಲಗೈಗೆ 8 ಅಡಿಯ ಒಂದು ಹಾಡುವ ಸ್ಟಾಪ್, ಎಡಗೈಗೆ 8 ಅಡಿಯ ಮೆತ್ತನೆಯ ಫ್ಲೂಟ್, ಪೆಡಲ್‌ಗೆ 16 ಮತ್ತು 8.

ಮೊದಲ ವಾರ ಪೆಡಲ್ ಮಾತ್ರ. ಎರಡನೆಯ ವಾರ ಎಡಗೈ ಸೇರಿಸಿ. ರಾಗವನ್ನು ಮೂರನೆಯ ವಾರದವರೆಗೆ ಬಾಯಲ್ಲಿ ಹಾಡಿ, ಕೈಗೆ ಆಮೇಲೆ.

18 · ಮೂರನೇ_ಸ್ಥಾಯಿ

ಇದೇ ಕೃತಿಯಲ್ಲಿ ನಮ್ಮ ವಾದವನ್ನೂ ಪರೀಕ್ಷಿಸಬಹುದು. ನಿಮಿಷಕ್ಕೆ 40 ಮಾತ್ರೆ ಹಿಡಿದರೆ, ಮಾತ್ರೆಗೆ ಎರಡು ಸ್ವರದಂತೆ, ಪೆಡಲ್‌ನ ಒಂದೊಂದು ಸ್ವರ 0.75 ಸೆಕೆಂಡು. ಅರ್ಧ ಬೆಲೆ ನಿಯಮವನ್ನು ಅಕ್ಷರಶಃ ಹಾಕಿದರೆ ಮರುಕಳಿಸುವ ಸ್ವರಗಳ ನಡುವೆ 0.375 ಸೆಕೆಂಡು ಮೌನ. ಒಣ ಕೋಣೆಯಲ್ಲಿ ನಾಡಿ ಬಿಕ್ಕಳಿಸಿದಂತೆ ಕೇಳುತ್ತದೆ. ಮುಕ್ಕಾಲು ಪಾಲು ಹಿಡಿದು ಕಾಲು ಪಾಲು ಬಿಟ್ಟು ನೋಡಿ. ಎರಡನ್ನೂ ರೆಕಾರ್ಡ್ ಮಾಡಿ ಹತ್ತು ಅಡಿ ದೂರದಿಂದ ಕೇಳಿ.

19 · ಕೊಳವೆ16

ಒಪ್ಪಿದೆ. ಕಲ್ಲಿನ ಚರ್ಚು ಸಿಕ್ಕಿದ ದಿನ ಅಲ್ಲೂ ಎರಡನ್ನೂ ನುಡಿಸಿ ರೆಕಾರ್ಡ್ ಮಾಡಿ, ರೆಕಾರ್ಡರ್ ಬೆಂಚಿನ ಹತ್ತಿರ ಬೇಡ, ಸಭೆಯ ನಡುವೆ ಇರಲಿ.